ಕೂಲಿಮಠದ ಕಟ್ಟಳೆಯೂ ಅದರ ಮೇರೆಯೂ

ಕನ್ನಡ ನಾಡಿನ ಹಳ್ಳಿಗಳಲ್ಲಿ ಮಗುವನ್ನು ಓದಿಗೆ ಕಳುಹಿಸುವುದಕ್ಕೆ ಮಠಕ್ಕೆ ಹಾಕುವುದು ಎಂದು ಹೇಳುವ ವಾಡಿಕೆ ಬಹುಕಾಲ ನಡೆದುಬಂದಿತು. ಶಾಲೆಯೆಂಬ ಮಾತು ಸರ್ಕಾರದ ಕಾಗದಪತ್ರಗಳ ಮೂಲಕ ಊರೂರಿಗೆ ಇಳಿಯುವುದಕ್ಕೆ ಮೊದಲು ಅಕ್ಷರ ಕಲಿಸುವ ಮನೆಗೆ ಮಠವೆಂಬುದೇ ಹೆಸರು. ಕಲಿಸುವಾತನಿಗೆ ಐಗಳೆಂಬುದೇ ಹೆಸರು. ಐಗಳೆಂದರೆ ಅಯ್ಯಗಳು, ಜಂಗಮರಿಗೆ ಸಲ್ಲುವ ಗೌರವದ ಮಾತು ಅದು. ಕಲಿಸುವವನು ಯಾವ ಕುಲದವನಾದರೂ ಊರವರು ಆತನನ್ನು ಐಗಳೆಂದೇ ಕರೆದರು. ತಿಂಗಳಿಗಿಷ್ಟೆಂದು ಕೂಲಿ ಕೊಟ್ಟು ಓದಿಸುವ ಮಠವಾದುದರಿಂದ ಅದು ಕೂಲಿಮಠವೆನಿಸಿತು.

ಈ ಕೂಲಿಮಠವನ್ನು ಕುರಿತು ಒಂದಕ್ಕೊಂದು ವಿರುದ್ಧವಾದ ಎರಡು ಮಾತುಗಳು ಕೇಳಿಬರುತ್ತವೆ. ಬೆತ್ತದ ಭಯದಿಂದ ಮಗ್ಗಿಯನ್ನು ಉರುಹೊಡೆಸುತ್ತಿದ್ದ ಸ್ಥಳವದು, ಬುದ್ಧಿ ಬೆಳೆಯುವುದಕ್ಕೆ ಅಲ್ಲಿ ಎಡೆಯೇ ಇರಲಿಲ್ಲವೆಂಬುದು ಒಂದು. ಕೂಲಿಮಠದಲ್ಲಿ ನಾಲ್ಕು ವರ್ಷ ಕುಳಿತೆದ್ದ ಮುದುಕನ ಬಾಯಿಲೆಕ್ಕದ ಮುಂದೆ ಇಂದಿನ ಪದವೀಧರರು ತಲೆತಗ್ಗಿಸಬೇಕೆಂಬುದು ಇನ್ನೊಂದು. ಎರಡೂ ಮಾತುಗಳನ್ನಾಡುವವರು ಕೂಲಿಮಠದ ಒಂದು ದಿನ ಹೇಗೆ ಕಳೆಯುತ್ತಿದ್ದಿತೆಂಬುದನ್ನು ವಿಚಾರಿಸುವುದು ಅಪರೂಪ. ದಿನವೂ ಒಂದೇ ವೇಳೆ, ಒಂದೇ ಕ್ರಮ, ಒಂದೇ ಪಾಠ. ನಾಳೆ ಏನಾಗುವುದೆಂಬುದು ಇಂದೇ ತಿಳಿದಿರುವಂತಹ ಕಟ್ಟಳೆ. ಇಂತಹ ಕಟ್ಟಳೆಯೊಳಗೆ ಕಲಿತದ್ದು ಮನುಷ್ಯನನ್ನು ಎಷ್ಟು ದೂರ ಕೈಹಿಡಿದು ನಡೆಸುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ತಿಳಿಯಬೇಕಾದರೆ ಆ ದಿನಚರಿಯನ್ನೇ ನೋಡಬೇಕು. ಪುಣ್ಯವಶದಿಂದ ಅಂತಹ ದಿನಚರಿಯೊಂದು ಬರೆದಿಟ್ಟುದು ಉಳಿದಿದೆ.

1822ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಮದರಾಸಿನ ಗವರ್ನರಾಗಿದ್ದ ಸರ್ ತಾಮಸ್ ಮನ್ರೋ ಅವರು ತಮ್ಮ ಆಧಿಪತ್ಯದ ಎಲ್ಲ ಜಿಲ್ಲೆಗಳಿಂದಲೂ ಶಾಲೆಗಳ ಲೆಕ್ಕವನ್ನು ತರಿಸಬೇಕೆಂದು ಟಿಪ್ಪಣಿ ಬರೆದರು. ಜನರಿಗೆ ವಿದ್ಯೆಯಿಲ್ಲವೆಂದು ಎಲ್ಲರೂ ಹೇಳುವರಾದರೂ ಅದನ್ನು ಎಣಿಸಿ ನೋಡಿದವರಿಲ್ಲವೆಂಬುದು ಅವರಿಗೆ ತಿಳಿದಿದ್ದಿತು. ಇದಕ್ಕೆ ಬಂದ ಉತ್ತರಗಳಲ್ಲಿ ಹೆಚ್ಚಿನವು ಅಂಕಿಗಳ ಪಟ್ಟಿಗಳು. ಬಳ್ಳಾರಿಯ ಕಲೆಕ್ಟರು ಎ. ಡಿ. ಕ್ಯಾಂಬೆಲ್ಲರು 1823ನೆಯ ಆಗಸ್ಟ್ 17ರಂದು ಕಳುಹಿಸಿದ ವರದಿ ಮಾತ್ರ ಬೇರೆ ಜಾತಿಯದು. ಕ್ಯಾಂಬೆಲ್ಲರು ತೆಲುಗು ಭಾಷೆಗೆ ವ್ಯಾಕರಣ ಬರೆದ ವಿದ್ವಾಂಸರು. ಅಂಕಿಗಳಿಂದ ತೃಪ್ತರಾಗದೆ ಮಠದೊಳಗೆ ಏನು ನಡೆಯುವುದೆಂಬುದನ್ನು ಬೆಳಗಿನಿಂದ ಬರೆದರು. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಅನಂತಪುರದ ಸೀಮೆಯೂ ಸೇರಿದ್ದಿತೆಂಬುದನ್ನು ವಾಚಕರು ನೆನಪಿನಲ್ಲಿಡತಕ್ಕುದು.

ಆ ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು 1. ಇವಲ್ಲದೆ ಬ್ರಾಹ್ಮಣರು ಮಾತ್ರ ಓದುವ ಸಂಸ್ಕೃತದ ಸ್ಥಳಗಳು 23. ಎಲ್ಲ ಸೇರಿ ಓದುವ ಮಕ್ಕಳು 6,641. ಸಾವಿರ ಜನರಲ್ಲಿ ಏಳು ಮಂದಿಗಿಂತ ತುಸುವೇ ಹೆಚ್ಚು. ಆ 6,641ರಲ್ಲಿ ಹೆಣ್ಣುಮಕ್ಕಳು ಅರುವತ್ತು. ಈ ಕೊನೆಯ ಅಂಕಿಯನ್ನು ಮರೆತು ಕೂಲಿಮಠವನ್ನು ಕೊಂಡಾಡುವುದು ನ್ಯಾಯವಲ್ಲ.

ಮಗುವಿಗೆ ಐದು ವರ್ಷ ತುಂಬಿದಾಗ ಐಗಳನ್ನು ಮನೆಗೆ ಕರೆಸಿ, ಗಣಪತಿಯ ಮುಂದೆ ಕುಳ್ಳಿರಿಸಿ, ಐಗಳು ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ದೇವರ ಹೆಸರನ್ನು ಬರೆಸುವರು. ಮರುದಿನದಿಂದ ಮಠದ ಓದು. ಮಗು ಮೊದಲು ಮಾಡುವ ಕೆಲಸ ಅಕ್ಷರವನ್ನು ಬಾಯಲ್ಲಿ ಹೇಳುವುದಲ್ಲ, ನೆಲದ ಮರಳಿನ ಮೇಲೆ ಬೆರಳಿನಿಂದ ಬರೆಯುವುದು. ಯುರೋಪಿನ ಮಕ್ಕಳು ಹೆಸರು ಹೇಳಿ ಕಲಿಯುವ ಅಕ್ಷರವನ್ನು ಇಲ್ಲಿಯ ಮಕ್ಕಳು ತಿದ್ದಿ ಕಲಿಯುವರೆಂದು ಕ್ಯಾಂಬೆಲ್ಲರು ಗಮನಿಸಿದ್ದಾರೆ. ಮರಳಿನಲ್ಲಿ ಬೆರಳು ಪಳಗಿದಮೇಲೆ ಹಲಗೆ, ಇಲ್ಲವೆ ಕಡತ. ಹಲಗೆಗೆ ಅನ್ನದ ಗಂಜಿಯನ್ನೂ ಇದ್ದಿಲಪುಡಿಯನ್ನೂ ಬಳಿಯುವರು. ಕಡತವೆಂದರೆ ಗಂಜಿ ಹಾಕಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ ಇದ್ದಿಲು, ಅಂಟುಗಳ ಲೇಪ ಕೊಟ್ಟುದು. ಬರೆಯುವುದಕ್ಕೆ ಬಳಪ. ಒದ್ದೆಯ ಬಟ್ಟೆಯಿಂದ ಒರಸಿದರೆ ಹಲಗೆಯೂ ಹೊಸದು, ಕಡತವೂ ಹೊಸದು. ಮರಳಂತೂ ಒರಸುವುದಕ್ಕೆ ಅಂಗೈ ಸಾಕು. ತಪ್ಪು ಬರೆದವನ ತಪ್ಪು ಉಳಿಯದು. ನೂರು ಸಲ ತಪ್ಪಿದರೂ ಕಾಸಿನ ಖರ್ಚಿಲ್ಲ. ಬಡಮಕ್ಕಳ ಓದಿಗೆ ಇದಕ್ಕಿಂತ ಉತ್ತಮವಾದ ಉಪಕರಣವನ್ನು ಅನಂತರದ ಶಾಲೆಗಳು ಕಂಡುಹಿಡಿದುದಿಲ್ಲ.

ಬೆಳಿಗ್ಗೆ ಆರು ಗಂಟೆಗೆ ಮಠದ ಬಾಗಿಲು ತೆರೆಯುತ್ತಿದ್ದಿತು. ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನ ಅಂಗೈಗೆ ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಅನಂತರ ಬಂದವನಿಗೆ ಒಂದೊಂದು ಏಟು ಹೆಚ್ಚು. ಕಟ್ಟಳೆಯ ಸ್ವರೂಪವೆಲ್ಲ ಈ ಒಂದು ಪದ್ಧತಿಯಲ್ಲಿ ಕಾಣುವುದು. ಹೊತ್ತಿಗೆ ಸರಿಯಾಗಿ ಬರಬೇಕೆಂಬ ಅಭ್ಯಾಸ ಇದರಿಂದ ಆಗಿಯೇ ಆಗುತ್ತಿದ್ದಿತು. ನಸುಕಿನಲ್ಲೆದ್ದು ಓಡಿದ ಹುಡುಗ ದೊಡ್ಡವನಾದಮೇಲೂ ನಸುಕಿನಲ್ಲಿಯೇ ಎದ್ದನು. ಆದರೆ ಎಲ್ಲ ಹುಡುಗರೂ ಕೋಳಿ ಕೂಗುವುದಕ್ಕೆ ಮೊದಲೇ ಬಂದು ನಿಂತರೂ ಅವರಲ್ಲಿ ಒಬ್ಬನು ಮೂರನೆಯವನಾಗಲೇಬೇಕು. ಆತನ ತಪ್ಪೇನೆಂದು ಕಟ್ಟಳೆ ಕೇಳುವುದಿಲ್ಲ. ದೂರದ ಕೇರಿಯವನೂ ದನಕ್ಕೆ ಹುಲ್ಲು ಹಾಕಿ ಬರಬೇಕಾದವನೂ ಎಷ್ಟು ಏಟು ತಿಂದರೆಂಬುದು ವರದಿಯಲ್ಲಿಲ್ಲ. ಸೋಮಾರಿಗಳಿಗೆ ಇನ್ನೂ ಕಠಿನವಾದ ಶಿಕ್ಷೆಗಳಿದ್ದವು. ಎರಡು ಕೈಗಳನ್ನೂ ಕಟ್ಟಿ ತೊಲೆಗೆ ತೂಗುಹಾಕುವುದು ಅವುಗಳಲ್ಲೊಂದು. ಹಳೆಯ ತಲೆಯವರು ಇದನ್ನು ಕೋದಂಡವೆಂದು ನೆನೆಯುತ್ತಿದ್ದರು.

ಅಕ್ಷರ, ಒತ್ತಕ್ಷರ, ಜನರ ಹೆಸರು, ಊರುಗಳ ಹೆಸರು ಮುಗಿದಮೇಲೆ ಲೆಕ್ಕ. ಕೂಲಿಮಠದ ಕೀರ್ತಿ ನಿಂತಿರುವುದು ಈ ಲೆಕ್ಕದ ಮೇಲೆ. ಮಕ್ಕಳು ದಿನಕ್ಕೆರಡು ಸಲ ಸಾಲಾಗಿ ನಿಂತು, ಹಿರಿಯ ಹುಡುಗನೊಬ್ಬನು ಹೇಳಿಕೊಟ್ಟಂತೆ, ಕೂಡುವ ಮಗ್ಗಿ, ಗುಣಿಸುವ ಮಗ್ಗಿ, ಅಳತೆ ತೂಕಗಳ ಕೋಷ್ಟಕ ಎಲ್ಲವನ್ನೂ ಒಕ್ಕೊರಲಿನಿಂದ ಒಪ್ಪಿಸುವರು. ಅದರಲ್ಲಿಯೂ ಭಿನ್ನರಾಶಿಗಳಿಗೆ ಬಹಳ ಶ್ರಮಪಡುತ್ತಿದ್ದರು. ಈ ಭಿನ್ನಗಳು ಹತ್ತು ಹತ್ತಾಗಿ ಇಳಿಯುವುದಿಲ್ಲ, ನಾಲ್ಕು ನಾಲ್ಕಾಗಿ ಇಳಿಯುವವು. ಒಂದರ ನಾಲ್ಕನೆಯ ಪಾಲು ಕಾಲು. ಕಾಲಿನ ನಾಲ್ಕನೆಯ ಪಾಲು ವೀಸ. ವೀಸದ ನಾಲ್ಕನೆಯ ಪಾಲು ಕಾಣಿ. ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಎಂದು ಇವಕ್ಕೆ ಬೇರೆ ಬೇರೆ ಮಗ್ಗಿಗಳು.

ಇದೇಕೆಂದರೆ, ಸಂತೆಯೂ ಹಾಗೆಯೇ ಇದ್ದಿತು. ರೂಪಾಯಿಗೆ ನಾಲ್ಕು ಪಾವಲಿ, ಪಾವಲಿಗೆ ನಾಲ್ಕು ಆಣೆ, ಆಣೆಗೆ ನಾಲ್ಕು ಕಾಸು. ಸೇರಿನ ಕಾಲು ಪಾವು, ಪಾವಿನ ಕಾಲು ಚಟಾಕು. ಸೇರಿಗೆ ಮುಕ್ಕಾಲು ರೂಪಾಯಿಯಂತೆ ಏಳು ಸೇರಿಗೆ ಎಷ್ಟೆಂದು ಕೇಳಿದರೆ, ಏಳು ಮುಕ್ಕಾಲು ಐದೂಕಾಲು ಎಂದು ಉತ್ತರ ನಾಲಗೆಯ ತುದಿಯಲ್ಲಿಯೇ ಇರುವುದು; ಆಲೋಚಿಸಬೇಕಾದುದಿಲ್ಲ. ಮಠದೊಳಗಿನ ಕ್ರಮವೂ ಮಠದ ಹೊರಗಿನ ಕ್ರಮವೂ ಒಂದೇ ಅಚ್ಚಿನಲ್ಲಿ ಎರಕಹೊಯ್ದಂತೆ ಇದ್ದವು. ಕೂಲಿಮಠದ ಮುದುಕನು ಬಾಯಿಲೆಕ್ಕದಲ್ಲಿ ಗೆಲ್ಲುತ್ತಿದ್ದುದಕ್ಕೆ ಕಾರಣ ಇಲ್ಲಿದೆ. ಆತನ ಬುದ್ಧಿ ನಮ್ಮ ಕಾಲದವರ ಬುದ್ಧಿಗಿಂತ ಹರಿತವಾಗಿದ್ದಿತೆಂದೇನೂ ಅಲ್ಲ. ಆತನು ಬಾಲ್ಯದಲ್ಲಿ ದಿನಕ್ಕೆರಡು ಸಲ ಒಪ್ಪಿಸಿದುದನ್ನೇ ಸಂತೆ ವಾರ ವಾರವೂ ಮತ್ತೆ ಕೇಳುತ್ತಿದ್ದಿತು. ಲೆಕ್ಕ ತಪ್ಪಿದರೆ ಗಂಟಿನ ಕಾಸು ಆ ಕ್ಷಣವೇ ತಪ್ಪನ್ನು ತೋರಿಸುತ್ತಿದ್ದಿತು.

ಹಿರಿಯ ಹುಡುಗನು ಕಿರಿಯರಿಗೆ ಹೇಳಿಕೊಡುವ ಪದ್ಧತಿಯ ವಿಷಯದಲ್ಲಿ ಒಂದು ಕುತೂಹಲದ ಸಂಗತಿಯುಂಟು. ಮಠದಲ್ಲಿ ಸಾಮಾನ್ಯವಾಗಿ ನಾಲ್ಕು ತರಗತಿಗಳು. ಐಗಳು ಮೇಲಿನವರನ್ನು ತಾವೇ ನೋಡಿಕೊಂಡು ಕೆಳಗಿನವರನ್ನು ಬಲ್ಲ ಹುಡುಗರಿಗೆ ಒಪ್ಪಿಸುವರು. ಕಲಿಸಿದವನ ಕಲಿಕೆಯೂ ಇದರಿಂದ ಗಟ್ಟಿಯಾಗುವುದೆಂದು ಕ್ಯಾಂಬೆಲ್ಲರು ಮನಸಾರೆ ಮೆಚ್ಚಿ, ಇಂಗ್ಲೆಂಡು ಇದನ್ನು ಅನುಕರಿಸಿದುದು ತಕ್ಕುದೇ ಆಯಿತೆಂದು ಬರೆದಿದ್ದಾರೆ. ಅನುಕರಿಸಿದ ಬಗೆ ಹೀಗೆ: 1789ರಲ್ಲಿ ಮದರಾಸಿನ ಅನಾಥ ಬಾಲಕರ ಆಶ್ರಮದ ಮೇಲ್ವಿಚಾರಣೆ ವಹಿಸಿಕೊಂಡ ಪಾದ್ರಿ ಆಂಡ್ರೂ ಬೆಲ್ಲರು, ನೆರೆಯ ತಿಣ್ಣೆಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುತ್ತಿದ್ದುದನ್ನು ಕಂಡು, ತಮ್ಮ ಆಶ್ರಮದಲ್ಲಿಯೂ ಮರಳು ಹರಡಿಸಿ, ಎಂಟು ವರ್ಷದ ಹುಡುಗನೊಬ್ಬನನ್ನು ಕಿರಿಯರಿಗೆ ಗುರುವಾಗಿ ನಿಲ್ಲಿಸಿದರು. 1797ರಲ್ಲಿ ಇದನ್ನು ಕುರಿತ ಅವರ ಗ್ರಂಥ ಲಂಡನ್ನಿನಲ್ಲಿ ಅಚ್ಚಾಯಿತು. ಜೋಸೆಫ್ ಲ್ಯಾಂಕಾಸ್ಟರರು ಇಂತಹುದೇ ಕ್ರಮದಿಂದ ಒಬ್ಬ ಗುರುವಿನ ಕೈಕೆಳಗೆ ನೂರಾರು ಮಕ್ಕಳನ್ನು ಕುಳ್ಳಿರಿಸಿದರು. ಐಗಳ ಜಗಲಿಯ ಮೇಲೆ ಹನ್ನೆರಡು ಮಕ್ಕಳಿಗಾಗಿ ಹುಟ್ಟಿದ ಪದ್ಧತಿ ಅಲ್ಲಿ ಕಾರ್ಖಾನೆಯ ಗಾತ್ರಕ್ಕೆ ಬೆಳೆಯಿತು; ಬೆಳೆದಂತೆಲ್ಲ ಕಲಿಸುವ ಹುಡುಗನಿಗೆ ತಿಳಿದಿದ್ದಷ್ಟೇ ಕಲಿಯುವ ಹುಡುಗನಿಗೂ ಮೇರೆಯಾಯಿತು. ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಇಂಗ್ಲೆಂಡಿನವರು ಇದನ್ನು ಬಿಡತೊಡಗಿದರು; ತರಬೇತಿ ಹೊಂದುವ ವಿದ್ಯಾರ್ಥಿ-ಉಪಾಧ್ಯಾಯರ ಯೋಜನೆ 1846ರಲ್ಲಿ ಅಲ್ಲಿ ಜಾರಿಗೆ ಬಂದಿತು.

ಮೆಚ್ಚಿದ ಕಲೆಕ್ಟರೇ ಕೂಲಿಮಠದ ಮೇಲೆ ದೊಡ್ಡದೊಂದು ದೋಷವನ್ನೂ ಹೊರಿಸಿದ್ದಾರೆ. ಹುಡುಗರು ರಾಶಿರಾಶಿಯಾಗಿ ಪದ್ಯಗಳನ್ನು ಒಂದಕ್ಷರ ಬಿಡದೆ ಒಪ್ಪಿಸುವರಾದರೂ, ಅವುಗಳ ಅರ್ಥದ ವಿಷಯದಲ್ಲಿ ಅವರದು ಗಿಳಿಯ ಪಾಡೆಂದೂ, ವರ್ಷಗಟ್ಟಲೆ ಶ್ರಮದಿಂದ ಅವರಿಗೆ ಆಗುವ ಲಾಭ ನೆನಪಿನ ವ್ಯಾಯಾಮವೂ ವ್ಯವಹಾರಕ್ಕೆ ಬೇಕಾದ ಓದುಬರಹವೂ ಮಾತ್ರವೆಂದೂ ಅವರ ಅಭಿಪ್ರಾಯ. ಕಾರಣವನ್ನೂ ಅವರೇ ಹೇಳಿದ್ದಾರೆ: ಪದ್ಯದ ಭಾಷೆ ಮನೆಯ ಭಾಷೆಯಲ್ಲ. ರಾಮಾಯಣ, ಭಾರತ, ಭಾಗವತಗಳು ಎಲ್ಲ ಮಠಗಳಲ್ಲಿಯೂ ನಡೆಯುತ್ತಿದ್ದವು. ಲಿಂಗಧಾರಿಗಳ ಮಕ್ಕಳು ಇವಲ್ಲದೆ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣ ಮೊದಲಾದುವನ್ನು ಓದುತ್ತಿದ್ದರೆಂದು ವರದಿ ತಿಳಿಸುತ್ತದೆ. ಈ ಹೆಸರುಗಳು ಇಂಗ್ಲಿಷ್ ಗುಮಾಸ್ತೆಯ ಕೈಗೆ ಸಿಕ್ಕಿ ಗುರುತು ಹತ್ತದಷ್ಟು ಜಖಂ ಆಗಿವೆ. ಒಂದೆರಡನ್ನು ಬಿಡಿಸುವುದು ಇಂದಿಗೂ ಸಾಧ್ಯವಾಗದು. ಗಿರಿಜಾಕಲ್ಯಾಣವು ಹರಿಹರನ ಹಳಗನ್ನಡದ ಚಂಪೂ. ಒಂಬತ್ತು ಹತ್ತು ವರ್ಷದ ಹುಡುಗನಿಗೆ ಅದರ ಅರ್ಥವಾಗಲಿಲ್ಲವೆಂದರೆ ಆಶ್ಚರ್ಯವೇನೂ ಇಲ್ಲ.

ಆದರೆ ಕ್ಯಾಂಬೆಲ್ಲರು ನೋಡಿದುದು ಬೆಳಗಿನ ಮಠವನ್ನು. ಸಂಜೆಯ ಮಠ ಅವರ ವರದಿಯಲ್ಲಿಲ್ಲ. ಹಗಲು ಹುಡುಗನು ಅರ್ಥವಿಲ್ಲದೆ ಒಪ್ಪಿಸಿದ ಅದೇ ಷಟ್ಪದಿಯನ್ನು ರಾತ್ರಿ ಮಠದ ಹಜಾರದಲ್ಲಿಯೋ ಗುಡಿಯ ಕಟ್ಟೆಯ ಮೇಲೋ ಒಬ್ಬರು ರಾಗವಾಗಿ ಓದಿ, ಇನ್ನೊಬ್ಬರು ಆಡುಮಾತಿನಲ್ಲಿ ಬಿಡಿಸಿ ಹೇಳುವ ಪುರಾಣದ ವಾಡಿಕೆ ನಾಡಿನಲ್ಲೆಲ್ಲ ಇದ್ದಿತು. ಅಲ್ಲಿ ನಡುನಡುವೆ ಪ್ರಶ್ನೆ ಕೇಳುವ ಮುದುಕರಿದ್ದರು, ನಗುವಿದ್ದಿತು, ವಾದವಿದ್ದಿತು. ಇಂದು ಇಷ್ಟೇ ಓದಬೇಕೆಂಬ ಕಟ್ಟಳೆಯಿರಲಿಲ್ಲ. ಬಾಯಿಪಾಠವಾಗಿದ್ದ ಪದ್ಯಕ್ಕೆ ಅರ್ಥ ಬಂದು ಕೂಡಿಕೊಳ್ಳುತ್ತಿದ್ದುದು ಅಂತಹ ಕಡೆ. ಕೂಲಿಮಠದ ಓದು ಅರ್ಧವೆಂಬ ದೂರು ನಿಜ. ಉಳಿದರ್ಧ ಬೇರೆ ಕಡೆ ಇದ್ದಿತೆಂಬುದೂ ನಿಜ. ಅಂತಹ ಕೂಟವಿಲ್ಲದ ಊರಿನ ಹುಡುಗನು ಮಾತ್ರ ಗಿಳಿಯಾಗಿಯೇ ಉಳಿದಿರಬೇಕು.

ಇನ್ನೊಂದನ್ನು ಹೇಳದೆ ಬಿಡಲಾಗದು. ಪದ್ಯದ ಭಾಷೆ ಮನೆಯ ಭಾಷೆಯಲ್ಲವೆಂಬ ಆಕ್ಷೇಪಣೆಗೆ ಕನ್ನಡದಲ್ಲಿ ಏಳು ಶತಮಾನಗಳ ಹಿಂದೆಯೇ ಉತ್ತರವಿದ್ದಿತು. ಹನ್ನೆರಡನೆಯ ಶತಮಾನದ ಶರಣರು ತಮ್ಮ ಅನುಭವವನ್ನು ಆಡುಮಾತಿಗೆ ಹತ್ತಿರವಾದ ವಚನಗಳಲ್ಲಿ ಹೇಳಿದರು. ವರದಿಯಲ್ಲಿ ಗುರುತಿಸಬಹುದಾದ ಪುಸ್ತಕಗಳ ಹೆಸರುಗಳಲ್ಲಿ ವಚನಗಳ ಕಟ್ಟು ಒಂದೂ ಕಾಣದು. ಶರಣರ ಚರಿತ್ರೆಯನ್ನು ಹೇಳುವ ಪುರಾಣ ಮಗುವಿನ ಕೈಗೆ ಬಂದಿತು. ಶರಣರ ಮಾತು ತಾಳೆಗರಿಯ ಗಂಟಿನಲ್ಲಿಯೇ ಉಳಿಯಿತು. ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಆ ಗಂಟುಗಳನ್ನು ಮನೆಮನೆಯಿಂದ ಕೂಡಿಹಾಕಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದುದು 1923ರಲ್ಲಿ. ಬಳ್ಳಾರಿಯ ವರದಿಗೆ ಸರಿಯಾಗಿ ನೂರು ವರ್ಷ ತುಂಬಿದ ಕಾಲವದು. ಒಮ್ಮೆ ಗೊತ್ತಾದ ಪಾಠಕ್ರಮವು ತನ್ನೊಳಗೆ ಇಲ್ಲದುದನ್ನು ತಾನಾಗಿ ಹುಡುಕಿಕೊಂಡು ಹೋಗುವುದಿಲ್ಲ. ಯಾರಾದರೊಬ್ಬರು ಹೊರಗಿನಿಂದ ತಂದು ಮುಂದಿಡಬೇಕು.

ವರದಿಯಲ್ಲಿ ಕೆಲವೇ ಮಾತುಗಳಲ್ಲಿ ಬಂದುಹೋಗುವ, ಆದರೆ ಬಹಳ ಬೆಲೆಯುಳ್ಳ ಸಂಗತಿಯೊಂದಿದೆ. ಐಗಳು ಅಲ್ಲಿ ಇಲ್ಲಿ ಬೇಡಿ ತಂದ ಹಳೆಯ ಕಾಗದಗಳ ಕಂತೆಯೊಂದನ್ನು ಇಟ್ಟುಕೊಂಡು, ಬೇರೆ ಬೇರೆ ಕೈಬರಹಗಳ ಆ ಓಲೆಗಳನ್ನೂ ಸರ್ಕಾರದ ಪತ್ರಗಳನ್ನೂ ಮೇಲಿನ ತರಗತಿಯ ಹುಡುಗರಿಂದ ಓದಿಸುವರು. ಕರಾರುಪತ್ರ ಬರೆಯುವುದನ್ನೂ ಅಭ್ಯಾಸಮಾಡಿಸುವರು. ಮರಳಿನಲ್ಲಿಯೂ ಕಡತದಲ್ಲಿಯೂ ಹುಡುಗನು ಕಂಡುದು ಒಂದೇ ಅಕ್ಷರ, ಐಗಳ ಅಕ್ಷರ. ಕಂತೆಯಲ್ಲಿ ಶಾನುಭೋಗನ ಮೋಡಿ ಬರಹ, ಅವಸರದಲ್ಲಿ ಗೀಚಿದ ವರ್ತಕನ ಬರಹ, ನಡುಗುವ ಕೈಯ ಮುದುಕನ ಬರಹ, ಒತ್ತಕ್ಷರ ತಪ್ಪಿದ ಬರಹ, ಎಲ್ಲವೂ ಇರುತ್ತಿದ್ದವೆಂದು ಊಹಿಸಬಹುದು. ಮುಂದಿನ ಕಾಗದದಲ್ಲಿ ಏನಿರುವುದೆಂಬುದು ಯಾವ ಹುಡುಗನಿಗೂ ಗೊತ್ತಿಲ್ಲ. ಹಿಂದಿನ ದಿನ ಬಾಯಿಪಾಠ ಮಾಡಿಕೊಂಡು ಬರುವಂತಿಲ್ಲ. ಕಣ್ಣು ತಡವರಿಸಬೇಕು, ಊಹಿಸಬೇಕು, ಹಿಂದಿನ ಸಾಲಿಗೆ ಮರಳಬೇಕು, ಅರ್ಥದಿಂದ ಅಕ್ಷರವನ್ನು ಹಿಡಿಯಬೇಕು. ಅಷ್ಟೊಂದು ಕಟ್ಟಳೆಯ ಮನೆಯಲ್ಲಿ ಸಂತೆಯ ಗಾಳಿಗೆಂದು ತೆರೆದಿಟ್ಟ ಕಿಟಕಿ ಇದೊಂದೇ. ಮುಂದೆ ಬಂದ ಅಚ್ಚಿನ ಪಠ್ಯಪುಸ್ತಕವು ಎಲ್ಲ ಮಕ್ಕಳಿಗೂ ಒಂದೇ ಚೊಕ್ಕ ಅಕ್ಷರವನ್ನು ಕೊಟ್ಟು ದೊಡ್ಡ ಉಪಕಾರ ಮಾಡಿದುದು ಸರಿಯಷ್ಟೆ. ಆದರೆ ಆ ಕಾಗದದ ಕಂತೆಯನ್ನು ಅದು ಕಸಕ್ಕೆ ಹಾಕಿತು. ಏಳನೆಯ ತರಗತಿ ಮುಗಿಸಿದ ಹುಡುಗನು ಮನೆಯ ಹಳೆಯ ಕ್ರಯಪತ್ರವನ್ನು ಓದಲಾರದೆ ನಿಲ್ಲುವಂತಾದುದಕ್ಕೆ ಇದೂ ಒಂದು ಕಾರಣ.

ಇಂತಹ ಮಠಗಳು ಕಡಿಮೆಯಾಗುತ್ತ ಬಂದುವೆಂದು ಕ್ಯಾಂಬೆಲ್ಲರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಮೊದಲು ಶಾಲೆಯಿದ್ದ ಹಳ್ಳಿಗಳಲ್ಲಿ ಈಗ ಶಾಲೆಯಿಲ್ಲ. ದೊಡ್ಡ ಶಾಲೆಯಿದ್ದೆಡೆ ಉಳ್ಳವರ ನಾಲ್ಕಾರು ಮಕ್ಕಳು ಮಾತ್ರ. ಯುರೋಪಿನ ಬಟ್ಟೆ ಬಂದು ನೇಯ್ಗೆಯವರ ಆದಾಯ ಇಳಿದುದು, ಸೈನ್ಯ ದೂರದ ಗಡಿಗಳಿಗೆ ಹೋಗಿ ಧಾನ್ಯಕ್ಕೆ ಗಿರಾಕಿ ತಪ್ಪಿದುದು, ಇವನ್ನು ಕಾರಣವಾಗಿ ಹೇಳಿದ್ದಾರೆ. ತಿಂಗಳಿಗೆ ಕಾಲು ರೂಪಾಯಿ, ಮೇಲಿನ ಲೆಕ್ಕಕ್ಕೆ ಬಂದಮೇಲೆ ಅರ್ಧ ರೂಪಾಯಿ. ಅಷ್ಟನ್ನು ಕೊಡಲಾರದ ಮನೆಯ ಹುಡುಗನು ಮಠ ಬಿಟ್ಟು ಕೂಲಿಗೆ ಹೋದನು. ಕುಂಪಣಿಯ ಅಧಿಕಾರಿಯೇ ತನ್ನ ಸರ್ಕಾರದ ಮೇಲೆ ಹೊರಿಸಿದ ಅಪವಾದವಾದುದರಿಂದ ಇದಕ್ಕೆ ಹೆಚ್ಚಿನ ತೂಕವುಂಟು. ಮನ್ರೋ ಅವರು 1826ರಲ್ಲಿ ಜಿಲ್ಲೆಗೂ ತಾಲ್ಲೂಕಿಗೂ ಸರ್ಕಾರದ ಶಾಲೆಗಳನ್ನು ಯೋಜಿಸಿದರು. ಮರುವರ್ಷ ಜುಲೈ ತಿಂಗಳಿನಲ್ಲಿ ವಾಂತಿಭೇದಿಯಿಂದ ಪತ್ತಿಕೊಂಡದಲ್ಲಿ ತೀರಿಕೊಂಡರು. ಮೈಸೂರು ಸೀಮೆಯಲ್ಲಿ 1868ರಲ್ಲಿ ಬಿ. ಎಲ್. ರೈಸರ ಹೋಬಳಿ ಶಾಲೆಗಳ ಯೋಜನೆ ಬಂದಿತು. ಐಗಳ ಸ್ಥಾನದಲ್ಲಿ ಮೇಷ್ಟ್ರು, ಮರಳಿನ ಸ್ಥಾನದಲ್ಲಿ ಸ್ಲೇಟು, ಬೆಳಗಿನ ಏಟಿನ ಸ್ಥಾನದಲ್ಲಿ ಹಾಜರಿ ಪುಸ್ತಕ. ಕಟ್ಟಳೆ ಹೋಗಲಿಲ್ಲ, ಕೈ ಬದಲಾಯಿಸಿತು.

ಹಣವಿಲ್ಲದವನಿಗೆ ಕಟ್ಟಳೆಯ ಬಾಗಿಲನ್ನು ತೆರೆದವರು ಯಾರೆಂದರೆ ಮಠಗಳವರು. ಸಿದ್ಧಗಂಗೆಯಲ್ಲಿ 1917ರಲ್ಲಿ ಉದ್ದಾನ ಶಿವಯೋಗಿಗಳವರ ಕಾಲದಲ್ಲಿ ಉಚಿತ ವಿದ್ಯಾರ್ಥಿನಿಲಯ ಮೊದಲಾಯಿತು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಸ್ವಾಮಿಗಳವರು ಪ್ರಸಾದನಿಲಯವನ್ನು ನಡೆಸಿದರು. ಮಠವೆಂಬ ಮಾತಿಗೆ ಓದಿನ ಮನೆಯೆಂಬ ಹಳೆಯ ಅರ್ಥ ಮರಳಿ ಬಂದಂತಾಯಿತು. ಕೂಲಿ ಎಂಬುದು ಮಾತ್ರ ಬಿಟ್ಟುಹೋಯಿತು. ಬೆಳಗಿನ ಗಂಟೆ, ಪ್ರಾರ್ಥನೆ, ಪ್ರಸಾದ, ಓದು, ಮತ್ತೆ ಪ್ರಾರ್ಥನೆ, ಮತ್ತೆ ಪ್ರಸಾದ. ನೋಡುವವರಿಗೆ ಬೇಸರ ತರುವಷ್ಟು ಒಂದೇ ಬಗೆಯ ದಿನಗಳು. ಆದರೆ ಮಳೆ ಬಂದರೆ ಊಟ, ಬಾರದಿದ್ದರೆ ಇಲ್ಲವೆಂಬ ಮನೆಯಿಂದ ಬಂದ ಹುಡುಗನಿಗೆ ನಾಳೆಯೂ ಇದೇ ವೇಳೆಗೆ ಗಂಟೆ ಬಾರಿಸುವುದೆಂಬ ನಂಬಿಕೆಯೇ ದೊಡ್ಡ ಸಂಪತ್ತು. ನಾಳೆಯ ಊಟದ ಚಿಂತೆ ತಲೆಯಿಂದ ಇಳಿದಮೇಲೆಯೇ ಅಕ್ಷರ ಅಲ್ಲಿಗೆ ಏರುವುದು. ಅನಿಶ್ಚಯದಿಂದ ಬುದ್ಧಿ ಚುರುಕಾಗುವುದೆಂದು ಉಪದೇಶಿಸುವವರು ಸಾಮಾನ್ಯವಾಗಿ ಹೊಟ್ಟೆಯ ಅನಿಶ್ಚಯವನ್ನು ಅರಿಯದವರು.

ಕಟ್ಟಳೆಯ ಓದಿನ ಇನ್ನೊಂದು ಮೇರೆ ಬಯಲಾದುದು ಸ್ವಾತಂತ್ರ್ಯ ಬಂದಮೇಲೆ. 1957ನೆಯ ಏಪ್ರಿಲ್ 1ರಂದು ರೂಪಾಯಿಗೆ ಹದಿನಾರು ಆಣೆ ಹೋಗಿ ನೂರು ನಯಾಪೈಸೆ ಬಂದಿತು. ಆಣೆಗೆ ಲೆಕ್ಕದ ಪ್ರಕಾರ ಆರೂಕಾಲು ನಯಾಪೈಸೆ. ಆ ಕಾಲಿಗೆ ನಾಣ್ಯವಿಲ್ಲ. ಆದುದರಿಂದ ಒಂದಾಣೆಗೆ 6, ಎರಡಕ್ಕೆ 12, ಮೂರಕ್ಕೆ 19, ನಾಲ್ಕಕ್ಕೆ 25 ಎಂದು ಗೊತ್ತುಮಾಡಿದರು. ಮಗ್ಗಿಯೊಳಗೆ ಎಂದೂ ಕಾಣದ ವಕ್ರತೆಯಿದು. ಎರಡಾಣೆಯ ಸಾಮಾನಿಗೆ ಹನ್ನೆರಡು, ಆಣೆಯದಕ್ಕೆ ಆರು, ಒಟ್ಟಿಗೆ ಕೊಂಡರೆ ಹತ್ತೊಂಬತ್ತು! 1958ರ ಅಕ್ಟೋಬರಿನಿಂದ ಮೊದಲಾಗಿ 1962ರ ಹೊತ್ತಿಗೆ ಸೇರು, ಪಾವು, ಚಟಾಕುಗಳೂ ಕಿಲೋ, ಗ್ರಾಮು, ಲೀಟರುಗಳಿಗೆ ಎಡೆಮಾಡಿಕೊಟ್ಟವು. ಅರುವತ್ತು ವರ್ಷ ತಪ್ಪದೆ ನಡೆದ ನಾಲಗೆ ಸಂತೆಯಲ್ಲಿ ತಡವರಿಸಿತು. ವೀಸ, ಕಾಣಿಗಳ ಮಗ್ಗಿ ತಪ್ಪಾಗಿರಲಿಲ್ಲ. ಅದು ಹೊಂದುತ್ತಿದ್ದ ಪ್ರಪಂಚವೇ ಎದ್ದುಹೋಗಿದ್ದಿತು. ಉತ್ತರವನ್ನು ಮಾತ್ರ ಕಲಿತವರು ಮೊಮ್ಮಕ್ಕಳ ಕೈಗೆ ಚಿಲ್ಲರೆ ಕೊಟ್ಟು ಎಣಿಸಿ ಹೇಳೆಂದರು. ನಾಲ್ಕರ ಬದಲು ಹತ್ತು ಎಂಬುದನ್ನು ಹಿಡಿದು ಹೊಸ ಲೆಕ್ಕಕ್ಕೆ ಹೊಂದಿಕೊಂಡವರೂ ಇದ್ದರು. ಅಂತಹವರಿಗೆ ಮಗ್ಗಿ ಕಲಿಸಿದ ಐಗಳು ಮಗ್ಗಿಯ ಒಳಗುಟ್ಟನ್ನೂ ಎಂದೋ ಒಂದು ದಿನ ಹೇಳಿರಬೇಕು.

ಇದೇ ಕಾಲದಲ್ಲಿ ಬೆಂಗಳೂರಿನ ತೆಂಕಣ ಭಾಗದಲ್ಲಿ ಹೊಸ ಊರೊಂದು ಎದ್ದಿತು. ಜಯನಗರಕ್ಕೆ 1948ರ ಆಗಸ್ಟ್ ತಿಂಗಳಿನಲ್ಲಿ ಚಕ್ರವರ್ತಿ ರಾಜಗೋಪಾಲಾಚಾರಿಗಳವರು ಅಸ್ತಿಭಾರವಿಟ್ಟರು. ಹಗ್ಗ ಹಿಡಿದು ಎಳೆದ ಬೀದಿಗಳು, ಸಂಖ್ಯೆ ಕೊಟ್ಟ ಬ್ಲಾಕುಗಳು, ಮೇನು, ಕ್ರಾಸು. ಅಂಕಿ ಬಲ್ಲವನು ಯಾರನ್ನೂ ಕೇಳದೆ ಮನೆ ಸೇರಬಹುದೆಂಬುದು ನಕ್ಷೆಯವರ ಉದ್ದೇಶ. ಕ್ರಾಸುಗಳ ಅಂಕಿ ಅಲ್ಲಲ್ಲಿ ಕ್ರಮ ತಪ್ಪಿ ಅಂಕಿ ಬಲ್ಲವನನ್ನೂ ಅಲೆಸುವುದು ಅನುಭವಸ್ಥರಿಗೆ ತಿಳಿದಿದೆ. ಅಲ್ಲಿ ಹುಟ್ಟಿದ ಶಾಲೆಗಳಲ್ಲಿ ಹಳೆಯ ಕೂಲಿಮಠದ ಕಟ್ಟಳೆಗಿಂತ ಬಿಗಿಯಾದ ಕಟ್ಟಳೆ ನೆಲೆಗೊಂಡಿತು: ಗಂಟೆ, ವೇಳಾಪಟ್ಟಿ, ಪ್ರಶ್ನೆಪತ್ರಿಕೆಯ ಮಾದರಿ, ಮಾದರಿಯ ಉತ್ತರ.

ಜಯನಗರಕ್ಕೆ ಹೊಂದಿಕೊಂಡ ಬಸವನಗುಡಿಯಲ್ಲಿ ಐಗಳ ಕಾಗದದ ಕಂತೆ ಬೇರೊಂದು ರೂಪದಲ್ಲಿ ಮತ್ತೆ ಕಾಣಿಸಿಕೊಂಡಿತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ 1935ರಲ್ಲಿ ಕಾಲ್ನಡಿಗೆಯಲ್ಲಿ ಬಂದು ನ್ಯಾಷನಲ್ ಹೈಸ್ಕೂಲನ್ನು ಸೇರಿದ ಬಡಹುಡುಗ ಎಚ್. ನರಸಿಂಹಯ್ಯನವರು ಮುಂದೆ ಭೌತಶಾಸ್ತ್ರದ ಅಧ್ಯಾಪಕರಾಗಿ, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾಗಿ, 1972ರಿಂದ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು. ಬ್ರಹ್ಮಚಾರಿಗಳಾಗಿದ್ದ ಅವರು 2005ರಲ್ಲಿ ತೀರಿಕೊಳ್ಳುವವರೆಗೂ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲಿಯೇ ಬಾಳಿದರು. ಅವರಷ್ಟು ಕಟ್ಟಳೆಯ ಮನುಷ್ಯರು ವಿರಳ. ಅವರು 1962ರಲ್ಲಿ ತೊಡಗಿದ ಬೆಂಗಳೂರು ವಿಜ್ಞಾನ ವೇದಿಕೆಯಲ್ಲಿ ವಾರಕ್ಕೊಮ್ಮೆ, ಗೊತ್ತಾದ ವೇಳೆಗೆ, ಉಪನ್ಯಾಸ. ವಾರವೂ ವೇಳೆಯೂ ಬದಲಾಗವು. ವಿಷಯವೂ ಮಾತನಾಡುವವರೂ ಪ್ರತಿಸಲವೂ ಬೇರೆ. ಪರೀಕ್ಷೆಯಿಲ್ಲ, ಪಠ್ಯವಿಲ್ಲ, ಕೇಳಲು ಬಂದ ಯಾರೇ ಆಗಲಿ ಪ್ರಶ್ನೆ ಕೇಳಬಹುದು. ಹಗಲು ತರಗತಿಯಲ್ಲಿ ಗೊತ್ತಾದ ಉತ್ತರವನ್ನು ಬರೆದ ಹುಡುಗನು ಸಂಜೆ ಅದೇ ಆವರಣದಲ್ಲಿ, ಉತ್ತರ ಇನ್ನೂ ಗೊತ್ತಾಗದ ಪ್ರಶ್ನೆಗಳನ್ನು ಕೇಳಿಸಿಕೊಳ್ಳುತ್ತಿದ್ದನು.

ಜಯನಗರದ ನಾಲ್ಕನೆಯ ಬ್ಲಾಕಿನ ಪೇಟೆಯಲ್ಲಿ ತರಕಾರಿ ಮಾರುವವರ ಬಾಯಲ್ಲಿ ಈ ಹೊತ್ತಿಗೂ ಹುರುಳಿಕಾಯಿ ಕಾಲು ಕಿಲೋ, ಅರ್ಧ ಕಿಲೋ, ಮುಕ್ಕಾಲು ಕಿಲೋ. ವೀಸವೂ ಕಾಣಿಯೂ ಹೋದವು, ಕಾಲು ಹೋಗಲಿಲ್ಲ. ಮಾರುವಾಕೆ ಮುಕ್ಕಾಲೆಂದು ಹೇಳಿ ವಿದ್ಯುತ್ತಿನ ತಕ್ಕಡಿಗೆ ಕಾಯಿ ಸುರಿದರೆ ಅದರ ಮುಖದ ಮೇಲೆ 750 ಎಂಬ ಅಂಕಿ ಬೆಳಗುತ್ತದೆ. ಅಂಕಿ ನಿಲ್ಲುವುದಕ್ಕೆ ಮೊದಲೇ ಆಕೆ ಬೆಲೆಯನ್ನು ಹೇಳಿರುತ್ತಾಳೆ.